ಪ್ರಾಣಿಗಳ ಆಶ್ರಯಕ್ಕೆ ಸಾರ್ವಜನಿಕ ಜಾಗ: ಕೇಳುವುದು ಹೇಗೆ?

ಗಾಯಗೊಂಡ ನಾಯಿ, ಯಾರೋ ಬಿಟ್ಟುಹೋದ ಹಸು, ಇನ್ನೂ ಕಣ್ಣು ಬಿಡದ ಬೆಕ್ಕಿನ ಮರಿ. ಇವುಗಳನ್ನು ನೋಡಿಕೊಳ್ಳುವ ಸಂಘಗಳಿಗೆ ಎಷ್ಟೋ ಸಲ ದುಡ್ಡಿಗಿಂತ ಜಾಗದ ಚಿಂತೆಯೇ ಜಾಸ್ತಿ. ಬಾಡಿಗೆ ಮನೆಯಲ್ಲಿ ಇಪ್ಪತ್ತು ನಾಯಿ ಇಟ್ಟುಕೊಂಡರೆ ಮಾಲೀಕರು ಎಷ್ಟು ದಿನ ಸುಮ್ಮನಿರುತ್ತಾರೆ? ಆಗ ಕಣ್ಣು ಬೀಳುವುದು ಸ್ಥಳೀಯ ಸಂಸ್ಥೆಯ ಖಾಲಿ ಜಾಗದ ಮೇಲೆ. ಕೇಳುವುದರಲ್ಲಿ ತಪ್ಪೇನಿಲ್ಲ. ಆದರೆ ಅದು ಎಲ್ಲರ ಆಸ್ತಿ. ಅಧ್ಯಕ್ಷರು ಬಾಯಿಮಾತಿನಲ್ಲಿ ಹೂಂ ಅಂದರೆ ಸಾಲದು. ಕಾಗದಪತ್ರದಲ್ಲಿ ಒಂದು ಎಳೆ ತಪ್ಪಿದರೂ ನಾಳೆ ಬೀದಿಗೆ ಬೀಳುವುದು ಪ್ರಾಣಿಗಳೇ.

ಮೊದಲು ಜಾಗ ನೋಡಿ

ನಕ್ಷೆ ನೋಡಿ ಒಪ್ಪಿಕೊಳ್ಳಬೇಡಿ. ಜೋರು ಮಳೆ ಬಂದ ಮರುದಿನ ಒಮ್ಮೆ ಹೋಗಿ. ನೀರು ಎಲ್ಲಿ ನಿಂತಿದೆ, ಯಾವ ಕಡೆ ಹರಿದಿದೆ ಗುರುತು ಮಾಡಿಕೊಳ್ಳಿ. ಆಂಬುಲೆನ್ಸ್ ಒಳಗೆ ಬಂದು ತಿರುಗುವಷ್ಟು ದಾರಿ ಇದೆಯೇ? ನೀರು, ಕರೆಂಟ್ ಸಿಗುತ್ತದೆಯೇ? ಹಿಂದೆ ಕಸ ಸುರಿದು ಮುಚ್ಚಿದ ಜಾಗವಾಗಿದ್ದರೆ ಮಣ್ಣು, ನೀರಿನ ಪರೀಕ್ಷೆ ಆಗದೆ ಮುಂದಕ್ಕೆ ಹೋಗಬೇಡಿ.

ಎಷ್ಟು ಜಾಗ ಬೇಕು ಎಂದು ಪ್ರಾಣಿಗಳ ತಲೆ ಎಣಿಸಿ ಲೆಕ್ಕ ಹಾಕಿದರೆ ಸಾಲದು. ನಾಯಿಮರಿಗಳನ್ನು ಕಾಡುವ ಪಾರ್ವೊ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಹೊಸದಾಗಿ ಬಂದ ಮರಿಯನ್ನು ಸೀದಾ ಉಳಿದವುಗಳ ಜೊತೆ ಬಿಟ್ಟರೆ ಲಸಿಕೆ ಬೀಳದ ಮರಿಗಳು ಒಂದರ ಹಿಂದೆ ಒಂದು ಹಾಸಿಗೆ ಹಿಡಿಯುತ್ತವೆ. ಹೊಸದಾಗಿ ಬಂದವುಗಳಿಗೆ ಬೇರೆ ಕೋಣೆ, ತೊಳೆಯಲು ಬರುವ ಸಿಮೆಂಟ್ ನೆಲ, ಬೇರೆ ಚರಂಡಿ, ಬೇರೆ ಬಕೆಟ್, ಬೇರೆ ಪೊರಕೆ ಇರಲೇಬೇಕು. ಇಷ್ಟಕ್ಕೂ ಎಡೆಯಿಲ್ಲದ ಜಾಗ ಬಿಟ್ಟಿ ಸಿಕ್ಕರೂ ಬೇಡ.

ಆಮೇಲೆ ದಾಖಲೆ ತೆಗೆಸಿ. ಜಾಗ ನಿಜಕ್ಕೂ ಆ ಸಂಸ್ಥೆಯದೇ? ಆಟದ ಮೈದಾನ ಅಥವಾ ಕೆರೆಯಂಗಳ ಎಂದು ಗುರುತಾಗಿದೆಯೇ? ಕೋರ್ಟಿನಲ್ಲಿ ಕೇಸು ಇದೆಯೇ? ಸರ್ವೆಯರ್ ಕರೆಸಿ ಗಡಿಕಲ್ಲು ಹಾಕಿಸಿಕೊಳ್ಳಿ.

ಗುತ್ತಿಗೆ ಸಾಕು

ಜಾಗ ಸಂಘದ ಹೆಸರಿಗೇ ಆಗಲಿ ಎಂದು ಹಟ ಹಿಡಿಯುವವರಿದ್ದಾರೆ. ನನ್ನ ಪ್ರಕಾರ ದೀರ್ಘಾವಧಿ ಗುತ್ತಿಗೆಯೇ ಮೇಲು. ಒಡೆತನ ಸ್ಥಳೀಯ ಸಂಸ್ಥೆಯಲ್ಲೇ ಉಳಿಯುವುದರಿಂದ ಜನರಿಗೆ ಅನುಮಾನ ಕಡಿಮೆ, ಸದಸ್ಯರು ಒಪ್ಪುವುದೂ ಸಲೀಸು. ಆದರೆ ವರ್ಷ ವರ್ಷ ನವೀಕರಿಸುವ ಗುತ್ತಿಗೆಗೆ ಒಪ್ಪಬೇಡಿ. ಆಪರೇಷನ್ ಕೋಣೆ ಕಟ್ಟಲು ದಾನಿಗಳು ದುಡ್ಡು ಹಾಕಬೇಕಾದರೆ ಅವರಿಗೂ ಒಂದು ಭರವಸೆ ಬೇಕು ಅಲ್ವಾ?

ಕಡಿಮೆ ಬಾಡಿಗೆಗೆ ಕೊಡಲು ಕಾನೂನು ಬಿಡುತ್ತದೆಯೇ ಎಂದು ವಕೀಲರನ್ನು ಕೇಳಿ. ಒಂದೊಂದು ದೇಶದಲ್ಲಿ ಒಂದೊಂದು ನಿಯಮ. ಇಂಗ್ಲೆಂಡಿನ 1972ರ ಸ್ಥಳೀಯ ಸರ್ಕಾರ ಕಾಯ್ದೆಯ ಪ್ರಕಾರ, ಸರ್ಕಾರದ ಸಚಿವರ ಒಪ್ಪಿಗೆಯಿಲ್ಲದೆ ಸ್ಥಳೀಯ ಸಂಸ್ಥೆ ತನಗೆ ಸಿಗಬಹುದಾದ ಉತ್ತಮ ಬೆಲೆಗಿಂತ ಕಡಿಮೆಗೆ ಜಾಗ ಕೊಡುವಂತಿಲ್ಲ. ಏಳು ವರ್ಷದವರೆಗಿನ ಗುತ್ತಿಗೆಗೆ ಇದು ಅನ್ವಯಿಸುವುದಿಲ್ಲ. ಊರಿನ ಒಳಿತಿಗೆ ಅನುಕೂಲವಾಗುವುದಾದರೆ 20 ಲಕ್ಷ ಪೌಂಡ್‌ವರೆಗೆ ಬೆಲೆ ಬಿಟ್ಟುಕೊಡಲು ಸರ್ಕಾರ ಎಲ್ಲ ಸ್ಥಳೀಯ ಸಂಸ್ಥೆಗಳಿಗೂ ಒಟ್ಟಾಗಿ ಕೊಟ್ಟ 2003ರ ಸಾಮಾನ್ಯ ಅನುಮತಿ ಅವಕಾಶ ಮಾಡಿತು.

ಅರ್ಜಿಯಲ್ಲಿ ಲೆಕ್ಕ ಇರಲಿ

ಕರುಣೆಯ ಮಾತಿಗೆ ಒಂದು ಪ್ಯಾರಾ ಸಾಕು. ಸಂಘದ ನೋಂದಣಿ, ಆಡಿಟ್ ಆದ ಲೆಕ್ಕಪತ್ರ, ಪಶುವೈದ್ಯರ ಒಪ್ಪಿಗೆ ಪತ್ರ, ಕಟ್ಟಡದ ನಕ್ಷೆ, ತಿಂಗಳ ಖರ್ಚಿನ ಅಂದಾಜು ಸೇರಿಸಿ. ಮುಖ್ಯವಾಗಿ, ಊರಿಗೆ ಏನು ಲಾಭ ಎಂದು ಬರೆಯಿರಿ. ಮನುಷ್ಯರಿಗೆ ತಗಲುವ ರೇಬೀಸ್‌ನಲ್ಲಿ ಶೇ 99ರವರೆಗೆ ನಾಯಿಗಳಿಂದಲೇ ಬರುತ್ತದೆ. ಒಂದು ಪ್ರದೇಶದ ಶೇ 70ರಷ್ಟು ನಾಯಿಗಳಿಗೆ ಲಸಿಕೆ ಬೀಳಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಿಮ್ಮ ಕೇಂದ್ರ ವರ್ಷಕ್ಕೆ ಎಷ್ಟು ಲಸಿಕೆ, ಎಷ್ಟು ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಬಲ್ಲದು? ಆ ಸಂಖ್ಯೆ ಕೊಡಿ. ಆಗದ್ದನ್ನು ಬರೆಯಬೇಡಿ.

ಹಿಂಬಾಗಿಲು ಬೇಡ

ಪರಿಚಯದ ಬಲದಿಂದ ಬೇಗ ಮಾಡಿಸಿಕೊಡುತ್ತೇವೆ ಎನ್ನುವವರಿಂದ ದೂರವಿರಿ. ಭೋಪಾಲ್‌ನಲ್ಲಿ ಒಂದು ಸ್ಮಾರಕ ಟ್ರಸ್ಟ್‌ಗೆ ಜಾಹೀರಾತಿಲ್ಲದೆ, ಬರೀ ಅರ್ಜಿಯ ಮೇಲೆ ಕೊಟ್ಟಿದ್ದ 20 ಎಕರೆಯ ಹಂಚಿಕೆಯನ್ನು ಭಾರತದ ಸುಪ್ರೀಂ ಕೋರ್ಟ್ 2011ರಲ್ಲಿ ರದ್ದು ಮಾಡಿತು. ಸಾರ್ವಜನಿಕ ಪ್ರಕಟಣೆ, ಆಕ್ಷೇಪಣೆಗೆ ಕಾಲಾವಕಾಶ, ಸಭೆಯ ಠರಾವು, ಇವೆಲ್ಲ ಆಗಲಿ ಎಂದು ನೀವೇ ಒತ್ತಾಯಿಸಿ. ತಡವಾಗುತ್ತದೆ, ನಿಜ. ನೂರು ಪ್ರಾಣಿಗಳು ಸೇರಿದ ಮೇಲೆ ಆದೇಶ ಬಿದ್ದುಹೋಗುವುದಕ್ಕಿಂತ ಈ ತಡ ವಾಸಿ.

ಅಕ್ಕಪಕ್ಕದವರ ಹತ್ತಿರ ಪ್ರಕಟಣೆಗೆ ಮುಂಚೆಯೇ ಹೋಗಿ. ಅವರ ಭಯ ಸುಳ್ಳಲ್ಲ. ಶೆಲ್ಟರ್‌ಗಳ ಒಳಗೆ ಬೊಗಳುವ ಸದ್ದು 100 ಡೆಸಿಬೆಲ್ ದಾಟುವುದುಂಟು. ಗೂಡುಗಳನ್ನು ಮನೆಗಳಿಂದ ದೂರದ ಮೂಲೆಗೆ ಹಾಕಿ, ಗೋಡೆ ಎತ್ತರಿಸಿ, ಸಗಣಿ, ಗಲೀಜು ಎಲ್ಲಿಗೆ ಹೋಗುತ್ತದೆ ಎಂದು ನಕ್ಷೆಯಲ್ಲೇ ತೋರಿಸಿ.

ಕರಾರಿನಲ್ಲಿ ಏನಿರಬೇಕು

ಎಲ್ಲಕ್ಕಿಂತ ಹೆಚ್ಚು ಹೊತ್ತು ಇಲ್ಲಿ ಕೂರಿ. ಜಾಗ ವಾಪಸ್ ಪಡೆಯುವ ಷರತ್ತು ಹೇಗೂ ಇರುತ್ತದೆ, ಇರಲೂಬೇಕು. ‘ಬೇರೆ ಉದ್ದೇಶಕ್ಕೆ ಬಳಸಿದರೆ ಜಾಗ ಹಿಂದಕ್ಕೆ’ ಎಂದಷ್ಟೇ ಬರೆದರೆ ಒಳಗಿರುವ ಪ್ರಾಣಿಗಳ ಗತಿಯೇನು? ಹೀಗೆ ಸೇರಿಸಲು ಕೇಳಿ: ‘ಲಿಖಿತ ನೋಟಿಸ್ ಕೊಟ್ಟು ಸರಿಪಡಿಸಿಕೊಳ್ಳಲು ಆರು ತಿಂಗಳು ಬಿಡತಕ್ಕದ್ದು. ತೆರವು ಮಾಡುವುದಾದರೆ ಎಲ್ಲ ಪ್ರಾಣಿಗಳಿಗೆ ಬೇರೆ ನೆಲೆ ಸಿಗುವವರೆಗೆ ಆಹಾರ, ಚಿಕಿತ್ಸೆ ನಿಲ್ಲಿಸತಕ್ಕದ್ದಲ್ಲ.’ ಸಂಘವೇ ಮುಚ್ಚಿಹೋದರೆ ಯಾರು ವಹಿಸಿಕೊಳ್ಳಬೇಕು ಎಂಬುದೂ ಬರಲಿ. ಕಟ್ಟಡ ಯಾರದು, ತೆರಿಗೆ ಯಾರು ಕಟ್ಟಬೇಕು, ಉಪಗುತ್ತಿಗೆ ಕೊಡಬಹುದೇ ಎಂಬುದು ಒಂದೊಂದು ಸಾಲಿನಲ್ಲಿ ಮುಗಿಯುತ್ತದೆ.

ಕರಾರು ನೋಂದಣಿ ಆದ ಮೇಲೆ ಅಧಿಕಾರಿಯ ಎದುರೇ ಗಡಿಕಲ್ಲುಗಳ ಫೋಟೊ ತೆಗೆದು, ಜಾಗ ವಶಕ್ಕೆ ಬಂದ ಪತ್ರಕ್ಕೆ ಎರಡೂ ಕಡೆಯವರು ಸಹಿ ಮಾಡಿ. ಬೇಲಿ, ನೀರು, ಪ್ರತ್ಯೇಕ ಕೋಣೆ ಮುಗಿಯುವ ತನಕ ಒಂದು ಪ್ರಾಣಿಯನ್ನೂ ಒಳಗೆ ತರಬೇಡಿ.