ಖಾತೆ ಸಂಖ್ಯೆಯನ್ನು ನಾನು ಓದುವ ಕ್ರಮ

ಪೂರೈಕೆದಾರರಿಗೆ ಹಣ ಪಾವತಿಸುವ ವಿಭಾಗದಲ್ಲಿ ನಾನು ಕೆಲಸ ಮಾಡುತ್ತೇನೆ. ಒಳನಾಡಿನ ಪಾವತಿಗಳೂ ಹೊರದೇಶದ ಪಾವತಿಗಳೂ ಇಲ್ಲಿಂದಲೇ ಹೋಗುವುದರಿಂದ, ಹೊಸ ಖಾತೆಯೊಂದರ ವಿವರ ಬಂದಾಗ ಅದನ್ನು ದಾಖಲಿಸುವ ಮುನ್ನ ಪರಿಶೀಲಿಸಲು ನನ್ನದೇ ಒಂದು ಕ್ರಮವನ್ನು ರೂಢಿಸಿಕೊಂಡಿದ್ದೇನೆ. ಬ್ಯಾಂಕಿನವರು ನಮ್ಮ ಪಾವತಿಯನ್ನು ಹಿಂದಿರುಗಿಸಿದ ಮೇಲೆ ತಪ್ಪು ಹುಡುಕುವುದಕ್ಕಿಂತ ಸಂಖ್ಯೆಯ ರಚನೆಯನ್ನು ಮೊದಲೇ ಓದಿಬಿಡುವುದು ಎಷ್ಟೋ ಸುಲಭ.

ಮೊದಲು ಎಕ್ಸೆಲ್ ಹಾಳೆಯ ವಿಷಯ, ಏಕೆಂದರೆ ನನ್ನ ಕೈಗೆ ಬರುವ ಕೆಟ್ಟ ಸಂಖ್ಯೆಗಳು ಬಹುಪಾಲು ಅಲ್ಲಿಯೇ ಕೆಟ್ಟಿರುತ್ತವೆ. ಎಕ್ಸೆಲ್ ಯಾವುದೇ ಸಂಖ್ಯೆಯಲ್ಲಿ 15 ಅಂಕಿಗಳನ್ನು ಮಾತ್ರ ನಿಖರವಾಗಿ ಉಳಿಸಿಕೊಳ್ಳುತ್ತದೆ. 16 ಅಂಕಿಯ ಖಾತೆ ಸಂಖ್ಯೆಯನ್ನು ನೇರವಾಗಿ ತುಂಬಿದರೆ ಕೊನೆಯ ಅಂಕಿ ಸದ್ದಿಲ್ಲದೆ ಸೊನ್ನೆಯಾಗುತ್ತದೆ. ಸೊನ್ನೆಯಿಂದ ಆರಂಭವಾಗುವ ಸಂಖ್ಯೆಯಾದರೆ ಆ ಸೊನ್ನೆಯೇ ಹೋಗಿಬಿಡುತ್ತದೆ. ಖಾತೆ ಸಂಖ್ಯೆಯನ್ನು ಯಾರೂ ಕೂಡುವುದಿಲ್ಲ, ಕಳೆಯುವುದಿಲ್ಲ. ಆದ್ದರಿಂದ ಅದನ್ನು ಅಕ್ಷರಗಳ ಸಾಲಿನಂತೆ ಕಾಣಬೇಕು. ನಾನು ಇಡೀ ಅಂಕಣವನ್ನು ಮೊದಲೇ ಪಠ್ಯರೂಪಕ್ಕೆ ಬದಲಿಸಿ ಅನಂತರವೇ ವಿವರಗಳನ್ನು ತುಂಬುತ್ತೇನೆ. ತುಂಬಿದ ಮೇಲೆ ಬದಲಿಸಿದರೆ, ಕಳೆದುಹೋದ ಅಂಕಿ ಮರಳಿ ಬರುವುದಿಲ್ಲ.

ಒಳನಾಡಿನ ಪಾವತಿಯಲ್ಲಿ ಖಾತೆ ಸಂಖ್ಯೆಯ ಜೊತೆಗೆ ಬ್ಯಾಂಕನ್ನೋ ಶಾಖೆಯನ್ನೋ ಸೂಚಿಸುವ ಮತ್ತೊಂದು ಕೋಡ್ ಇರುತ್ತದೆ. ಭಾರತದಲ್ಲಿ ಅದು 11 ಅಕ್ಷರಗಳ ಐಎಫ್‌ಎಸ್‌ಸಿ: ಮೊದಲ ನಾಲ್ಕು ಬ್ಯಾಂಕಿನವು, ಕೊನೆಯ ಆರು ಶಾಖೆಯವು, ನಡುವಿನ ಐದನೆಯದು ಯಾವಾಗಲೂ ಸೊನ್ನೆ. ಆ ಸೊನ್ನೆಯ ಜಾಗದಲ್ಲಿ ಇಂಗ್ಲಿಷಿನ ‘ಓ’ ಅಕ್ಷರ ಬರೆದು ಕಳುಹಿಸುವವರು ಬಹಳ, ಹಾಗಾಗಿ ನನ್ನ ಕಣ್ಣು ಮೊದಲು ಹೋಗುವುದೇ ಅಲ್ಲಿಗೆ. ಬ್ರಿಟನ್ನಿನಲ್ಲಿ ಆರು ಅಂಕಿಯ ಸಾರ್ಟ್ ಕೋಡ್ ಮತ್ತು ಎಂಟು ಅಂಕಿಯ ಖಾತೆ ಸಂಖ್ಯೆ ಇರುತ್ತವೆ. ಅಮೆರಿಕದಲ್ಲಿ ಒಂಬತ್ತು ಅಂಕಿಯ ರೂಟಿಂಗ್ ಸಂಖ್ಯೆಯಿದೆ. ಅದರ ಅಂಕಿಗಳನ್ನು ಅನುಕ್ರಮವಾಗಿ 3, 7, 1 ಎಂದು ಗುಣಿಸುತ್ತಾ ಹೋಗಿ ಕೂಡಿದರೆ ಮೊತ್ತ ಹತ್ತರಿಂದ ನಿಶ್ಶೇಷವಾಗಿ ಭಾಗವಾಗಬೇಕು. ಐಎಫ್‌ಎಸ್‌ಸಿಯಲ್ಲಿ ಹೀಗೆ ಲೆಕ್ಕದಿಂದಲೇ ತಪ್ಪು ಹಿಡಿಯಲು ನೆರವಾಗುವ ಪರಿಶೀಲನಾ ಅಂಕಿ ಇಲ್ಲ; ಆದ್ದರಿಂದ ಶಾಖೆಯ ಹೆಸರಿನೊಂದಿಗೆ ತಾಳೆ ನೋಡದೆ ಬೇರೆ ದಾರಿಯಿಲ್ಲ. ಬ್ಯಾಂಕುಗಳು ವಿಲೀನವಾದಾಗ ಹಳೆಯ ಕೋಡ್‌ಗಳು ರದ್ದಾಗುತ್ತವೆ ಎಂಬುದನ್ನೂ ಗಮನದಲ್ಲಿಡಬೇಕು: 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ಸೇರಿಹೋದ ಸಿಂಡಿಕೇಟ್ ಬ್ಯಾಂಕಿನ ಐಎಫ್‌ಎಸ್‌ಸಿಗಳು 2021ರ ಜುಲೈ 1ರಿಂದ ನಡೆಯದಂತಾದವು.

ಹೊರದೇಶದ ಪಾವತಿಗೆ ಬಂದರೆ ಐಬಿಎಎನ್ ಎಂಬ ಅಂತರರಾಷ್ಟ್ರೀಯ ಖಾತೆ ಸಂಖ್ಯೆ ಎದುರಾಗುತ್ತದೆ. ಇದು ಹೊಸದಾಗಿ ಹುಟ್ಟಿದ ಸಂಖ್ಯೆಯಲ್ಲ, ಆಯಾ ದೇಶದ ಹಳೆಯ ಸಂಖ್ಯೆಯೇ ಇದರ ಒಳಗಿರುತ್ತದೆ. ಮೊದಲ ಎರಡು ಅಕ್ಷರ ದೇಶದವು, ಮುಂದಿನ ಎರಡು ಪರಿಶೀಲನಾ ಅಂಕಿಗಳು, ಉಳಿದದ್ದು ದೇಶೀಯ ವಿವರ. ಒಟ್ಟು ಉದ್ದ 34 ಅಕ್ಷರಗಳನ್ನು ಮೀರುವಂತಿಲ್ಲ, ಆದರೆ ಒಂದೊಂದು ದೇಶಕ್ಕೂ ಅದು ನಿಗದಿಯಾಗಿದೆ: ನಾರ್ವೆಗೆ 15, ಜರ್ಮನಿಗೆ 22, ಫ್ರಾನ್ಸಿಗೆ 27, ಮಾಲ್ಟಾಕ್ಕೆ 31. ಹೀಗಾಗಿ ಉದ್ದವನ್ನು ಎಣಿಸುವುದೇ ನನ್ನ ಮೊದಲ ಪರೀಕ್ಷೆ. ಮುದ್ರಣದಲ್ಲಿ ನಾಲ್ಕು ನಾಲ್ಕರ ಗುಂಪಾಗಿ ಬರೆಯುವುದು ವಾಡಿಕೆಯಾದ್ದರಿಂದ, ಎಣಿಸುವ ಮುನ್ನ ನಡುವಿನ ಖಾಲಿ ಜಾಗಗಳನ್ನು ತೆಗೆಯುತ್ತೇನೆ.

ಉದ್ದ ಸರಿಯಿದ್ದರೆ ಲೆಕ್ಕಕ್ಕೆ ತೊಡಗುತ್ತೇನೆ. ಮಾದರಿಯಾಗಿ ಎಲ್ಲೆಡೆ ಕೊಡುವ ಜರ್ಮನಿಯ ಸಂಖ್ಯೆಯೊಂದನ್ನು ನೋಡೋಣ: ಡಿಇ89 3704 0044 0532 0130 00. ಇದರಲ್ಲಿ 89ರ ನಂತರದ ಎಂಟು ಅಂಕಿಗಳು ಬ್ಯಾಂಕಿನವು, ಉಳಿದ ಹತ್ತು ಖಾತೆಯವು. ಮೊದಲ ನಾಲ್ಕು ಅಕ್ಷರಗಳನ್ನು ಕೊನೆಗೆ ಒಯ್ದು, ‘ಎ’ಗೆ 10, ‘ಬಿ’ಗೆ 11 ಎಂಬಂತೆ ಅಕ್ಷರಗಳನ್ನು ಸಂಖ್ಯೆಗಳಾಗಿಸಬೇಕು, ಆಗ ‘ಡಿ’ 13 ಆಗುತ್ತದೆ, ‘ಇ’ 14 ಆಗುತ್ತದೆ. ಸಿಗುವ 370400440532013000131489 ಎಂಬ ಸಂಖ್ಯೆಯನ್ನು 97ರಿಂದ ಭಾಗಿಸಿದಾಗ ಶೇಷ 1 ಉಳಿದರೆ ಸಂಖ್ಯೆಯ ರಚನೆ ಸರಿಯಿದೆ ಎಂದರ್ಥ. ಎಕ್ಸೆಲ್‌ನ 15 ಅಂಕಿಯ ಮಿತಿ ಇಲ್ಲಿಯೂ ಅಡ್ಡ ಬರುವುದರಿಂದ ನಾನು ತುಂಡುತುಂಡಾಗಿ ಭಾಗಿಸುತ್ತೇನೆ. ಮೊದಲ ಒಂಬತ್ತು ಅಂಕಿಗಳಾದ 370400440ಕ್ಕೆ ಶೇಷ 23. ಅದರ ಮುಂದೆ ಏಳು ಅಂಕಿ ಸೇರಿಸಿದರೆ 235320130, ಶೇಷ 70. ಮತ್ತೆ ಏಳು ಸೇರಿಸಿದರೆ 700013148, ಶೇಷ 38. ಕೊನೆಯ 9 ಸೇರಿಸಿದರೆ 389, ಶೇಷ 1. ಇದೇ ಸಂಖ್ಯೆಯಲ್ಲಿ 0532 ಎಂಬುದನ್ನು 0352 ಎಂದು ಬರೆದರೆ ಶೇಷ 22ಕ್ಕೆ ಹೋಗುತ್ತದೆ. ಒಂದೇ ಒಂದು ಅಂಕಿ ತಪ್ಪಿದರೂ, ಅಕ್ಕಪಕ್ಕದ ಎರಡು ಬೇರೆ ಬೇರೆ ಅಂಕಿಗಳು ಅದಲುಬದಲಾದರೂ ಈ ಲೆಕ್ಕ ಹಿಡಿದುಬಿಡುತ್ತದೆ. ಹಾಗೆಂದು, ದೇಶೀಯ ಸಂಖ್ಯೆಯನ್ನು ಇಟ್ಟುಕೊಂಡು ನಾವೇ ಐಬಿಎಎನ್ ಕಟ್ಟಲು ಹೋಗಬಾರದು. ಅದನ್ನು ಕೊಡಬೇಕಾದದ್ದು ಖಾತೆಯಿರುವ ಬ್ಯಾಂಕ್.

ಸ್ವಿಫ್ಟ್ ಕೋಡ್ ಬ್ಯಾಂಕನ್ನು ಗುರುತಿಸುತ್ತದೆಯೇ ಹೊರತು ಖಾತೆಯನ್ನಲ್ಲ. ಎಂಟು ಅಥವಾ 11 ಅಕ್ಷರಗಳಿರುವ ಇದರಲ್ಲಿ ಐದು ಮತ್ತು ಆರನೆಯ ಅಕ್ಷರಗಳು ದೇಶವನ್ನು ಹೇಳುತ್ತವೆ. ಅವು ಐಬಿಎಎನ್‌ನ ಮೊದಲ ಎರಡು ಅಕ್ಷರಗಳಿಗೆ ಹೊಂದದಿದ್ದರೆ ನಾನು ಪಾವತಿಯನ್ನು ತಡೆದು ಕೇಳುತ್ತೇನೆ. ಭಾರತ, ಅಮೆರಿಕ, ಕೆನಡಾ, ಆಸ್ಟ್ರೇಲಿಯಾಗಳಲ್ಲಿ ಐಬಿಎಎನ್ ಪದ್ಧತಿಯೇ ಇಲ್ಲ. ಅಲ್ಲಿಗೆ ಖಾತೆ ಸಂಖ್ಯೆ, ಸ್ವಿಫ್ಟ್ ಕೋಡ್ ಹಾಗೂ ಆ ದೇಶದ ಒಳಕೋಡ್ ಬೇಕಾಗುತ್ತವೆ. ಅರ್ಜಿಯಲ್ಲಿ ಐಬಿಎಎನ್ ಎಂಬ ಜಾಗ ಇದೆಯೆಂದು ಏನನ್ನಾದರೂ ತುಂಬಿಬಿಡುವುದು ಅನರ್ಥಕ್ಕೆ ದಾರಿ.

ಇಷ್ಟೆಲ್ಲ ಪರೀಕ್ಷೆ ದಾಟಿದ ಸಂಖ್ಯೆಯೂ ಬೇರೊಬ್ಬರದಾಗಿರಬಹುದು. ಶೇಷ 1 ಬಂದಿತೆಂದರೆ ಬರವಣಿಗೆ ಸರಿಯಿದೆ ಎಂದಷ್ಟೇ ಅರ್ಥ. ಆ ಖಾತೆ ಇದೆಯೇ, ಯಾರ ಹೆಸರಿನಲ್ಲಿದೆ ಎಂಬುದನ್ನು ಲೆಕ್ಕ ಹೇಳಲಾರದು. ಭಾರತದ ಬ್ಯಾಂಕುಗಳ ನಡುವೆ ಹಣ ವರ್ಗಾಯಿಸುವ ನೆಫ್ಟ್ ವ್ಯವಸ್ಥೆಯಲ್ಲಿ ಹಣ ಜಮೆಯಾಗುವುದು ಖಾತೆ ಸಂಖ್ಯೆಯ ಆಧಾರದ ಮೇಲೆ, ಹೆಸರಿನ ಮೇಲಲ್ಲ. ಈ ಕೊರತೆ ನೀಗಲೆಂದೇ ನೆಫ್ಟ್ ಮತ್ತು ದೊಡ್ಡ ಮೊತ್ತಗಳನ್ನು ಒಡನೆಯೇ ಕಳುಹಿಸುವ ಆರ್‌ಟಿಜಿಎಸ್‌ಗಳಲ್ಲಿ ಫಲಾನುಭವಿಯ ಹೆಸರನ್ನು ಮುಂಚೆಯೇ ನೋಡುವ ಸೌಲಭ್ಯವನ್ನು 2025ರ ಏಪ್ರಿಲ್ 1ರೊಳಗೆ ಒದಗಿಸುವಂತೆ ರಿಸರ್ವ್ ಬ್ಯಾಂಕ್ ಸೂಚಿಸಿತ್ತು. ಯೂರೋ ವಲಯದಲ್ಲಿ ಇಂಥದೇ ಹೆಸರು ಪರಿಶೀಲನೆ 2025ರ ಅಕ್ಟೋಬರ್ 9ರಿಂದ ಕಡ್ಡಾಯವಾಯಿತು. ಸೌಲಭ್ಯ ಇರುವಲ್ಲೆಲ್ಲ ನಾನು ಅದನ್ನು ಬಳಸುತ್ತೇನೆ, ಮತ್ತು ಬ್ಯಾಂಕಿನಲ್ಲಿರುವ ಹೆಸರನ್ನೇ ಅಕ್ಷರಶಃ ನಮ್ಮ ದಾಖಲೆಯಲ್ಲಿ ಬರೆದುಕೊಳ್ಳುತ್ತೇನೆ. ಹಳೆಯ ಪೂರೈಕೆದಾರರೊಬ್ಬರು ಖಾತೆ ಬದಲಾಗಿದೆ ಎಂದು ಇಮೇಲ್ ಕಳುಹಿಸಿದರೆ, ಆ ಇಮೇಲಿನಲ್ಲಿರುವ ದೂರವಾಣಿಗೆ ಕರೆ ಮಾಡುವುದಿಲ್ಲ. ನಮ್ಮ ದಾಖಲೆಯಲ್ಲಿ ಮೊದಲಿನಿಂದಲೂ ಇರುವ ಸಂಖ್ಯೆಗೇ ಕರೆ ಮಾಡಿ, ಹೊಸ ಖಾತೆಯ ಕೊನೆಯ ನಾಲ್ಕು ಅಂಕಿಗಳನ್ನು ಅವರ ಬಾಯಿಂದಲೇ ಕೇಳಿ ತಾಳೆ ನೋಡಿದ ಮೇಲೆ ದಾಖಲೆಯನ್ನು ತಿದ್ದುತ್ತೇನೆ.