ಲ್ಯಾಡರಿನಲ್ಲಿ ಚಿಗರೆ, ಕೋರ್ಟಿನಲ್ಲಿ ಕಂಬ: ನನ್ನ ಅನುಭವ

"ಓಡಿಸೋದು ಬಿಟ್ಟು ಮಕ್ಕಳನ್ನ ಕೂರಿಸಿದ್ದೀರಲ್ಲ ಸರ್?" ಅಂತ ಒಬ್ಬ ಹುಡುಗಿಯ ಅಪ್ಪ ಕೇಳಿದ್ದು ಇನ್ನೂ ಕಿವಿಯಲ್ಲಿದೆ. ಅವರು ಕೇಳಿದ್ದು ತಪ್ಪೇನಲ್ಲ. ಆ ದಿನ ನನ್ನ ಹದಿನಾಲ್ಕು ಬ್ಯಾಡ್ಮಿಂಟನ್ ಆಟಗಾರರಲ್ಲಿ ಹನ್ನೆರಡು ಜನ ಗೋಡೆಗೆ ಒರಗಿ ಕೂತಿದ್ದರು. ಕೋರ್ಟಿನಲ್ಲಿದ್ದ ಇಬ್ಬರೂ ಐದಾರು ಸೆಕೆಂಡ್ ಓಡಾಡಿ ಬಂದು ಕೂರುತ್ತಿದ್ದರು. ಜೊತೆಯ ಕೋಚ್‌ಗಳು ಮುಸಿಮುಸಿ ನಕ್ಕರು. ಈಗ ಎರಡು ಸೀಸನ್ ಕಳೆಯಿತು. ನಗು ನಿಂತಿದೆ. ಅವರಲ್ಲಿ ಇಬ್ಬರು ಬಂದು ನನ್ನ ಸೆಷನ್ ನೋಡಿ, ಬರೆದುಕೊಂಡೂ ಹೋದರು.

ಮೊದಲು ನನ್ನ ದಡ್ಡತನದ ಕತೆ. ನನ್ನ ಹುಡುಗರಿಗೆ ದಮ್ಮಿನ ಕೊರತೆ ಇರಲಿಲ್ಲ. ಬೀಪ್ ಶಬ್ದಕ್ಕೆ ಸರಿಯಾಗಿ ಅತ್ತಿಂದಿತ್ತ ಓಡಿ ದಮ್ಮು ಅಳೆಯುವ ಬೀಪ್ ಟೆಸ್ಟಿನಲ್ಲಿ ಅವರೇ ಮುಂದೆ. ಮೂರರಲ್ಲಿ ಎರಡು ಗೇಮ್ ಗೆದ್ದವರದ್ದೇ ಮ್ಯಾಚು, ಮೂರನೇ ಗೇಮಿಗೆ ಹೋದರೆ ನಮ್ಮವರೇ ಗೆಲ್ಲುತ್ತಿದ್ದರು. ಕಷ್ಟ ಏನಂದರೆ, ಮೂರನೇ ಗೇಮಿಗೆ ಹೋಗುತ್ತಲೇ ಇರಲಿಲ್ಲ. ಎರಡರಲ್ಲೇ ಸೋತು, ಬೆವರೂ ಬರದೆ ವಾಪಸ್ ಬರುತ್ತಿದ್ದರು. ಆಗ ನಾನು ಮಾಡಿದ್ದೇನು? ಇನ್ನೂ ಎರಡು ಸುತ್ತು ಜಾಸ್ತಿ ಓಡಿಸಿದೆ.

ಕಣ್ಣು ತೆರೆಸಿದ್ದು ಫೋನು. ಸೆಕೆಂಡಿಗೆ 240 ಫ್ರೇಮ್‌ನಲ್ಲಿ ಮ್ಯಾಚ್ ಹಿಡಿದು, ಎದುರಾಳಿಯ ರ‍್ಯಾಕೆಟ್ಟಿಗೆ ಶಟಲ್ ತಾಗಿದ ಕ್ಷಣದಿಂದ ನಮ್ಮ ಹುಡುಗನ ಕಾಲು ಸರಿಯಾದ ದಿಕ್ಕಿಗೆ ಕದಲುವ ತನಕ ಫ್ರೇಮ್ ಎಣಿಸಿದೆ. ನಮ್ಮವರದ್ದು 100ರ ಆಸುಪಾಸು, ಅಂದರೆ 0.4 ಸೆಕೆಂಡಿಗೂ ಸ್ವಲ್ಪ ಜಾಸ್ತಿ. ಗೆದ್ದವರದ್ದು 65, 70. ನೆಟ್ಟಿನಿಂದ ಹಿಂದಿನ ಗೆರೆಗೆ ಇರುವುದೇ 6.7 ಮೀಟರ್. ಅಷ್ಟರಲ್ಲಿ 30 ಫ್ರೇಮ್ ಹಿಂದೆ ಬಿದ್ದರೆ ಎಷ್ಟು ದಮ್ಮಿದ್ದರೂ ಏನು ಪ್ರಯೋಜನ? 2023ರಲ್ಲಿ ಸಾತ್ವಿಕ್‌ಸಾಯಿರಾಜ್ ರಂಕಿರೆಡ್ಡಿ ಗಂಟೆಗೆ 565 ಕಿ.ಮೀ. ಸ್ಮ್ಯಾಶ್ ಹೊಡೆದು ದಾಖಲೆ ಮಾಡಿದರು. ನಮ್ಮ ಮಕ್ಕಳ ಸ್ಮ್ಯಾಶ್ ಅದರ ಹತ್ತಿರವೂ ಸುಳಿಯುವುದಿಲ್ಲ ಬಿಡಿ. ಆದರೂ ಅದು ನಮ್ಮ ಹುಡುಗರ ಕಾಲಿಗಿಂತ ಬೇಗ ಬರುತ್ತಿತ್ತು.

ಸರಿ, ದಮ್ಮು ಬಿಟ್ಟು ಆಟದ ಚುರುಕಿಗೆ ಬೇಕಾದ ಸ್ಕಿಲ್ ಫಿಟ್‌ನೆಸ್ ಕಡೆ ತಿರುಗಿದೆ. ಅಜಿಲಿಟಿ (ಥಟ್ಟನೆ ದಿಕ್ಕು ಬದಲಿಸುವುದು), ಬ್ಯಾಲೆನ್ಸ್, ಕೋಆರ್ಡಿನೇಷನ್ (ಕಣ್ಣು, ಕೈ, ಕಾಲಿನ ಹೊಂದಾಣಿಕೆ), ಪವರ್, ಸ್ಪೀಡ್, ರಿಯಾಕ್ಷನ್, ನಿಮಗೆಲ್ಲ ಗೊತ್ತಿರುವ ಆರೇ. ಎಲ್ಲರಂತೆ ನಾನೂ ಲ್ಯಾಡರ್ ತಂದೆ, ನೆಲದ ಮೇಲೆ ಹಾಸಿ ಮನೆಮನೆಯೊಳಗೆ ಹೆಜ್ಜೆ ಹಾಕಿಸುವ ಏಣಿ. ಮೂರು ತಿಂಗಳಲ್ಲಿ ಮಕ್ಕಳು ಲ್ಯಾಡರಿನ ಮೇಲೆ ಚಿಗರೆಯ ಹಾಗೆ ಕುಣಿದರು. ನೋಡುವುದಕ್ಕೆ ಚೆಂದ, ವಿಡಿಯೊಗೂ ಚೆಂದ. ಕೋರ್ಟಿನಲ್ಲಿ ಮತ್ತೆ ಅದೇ 100 ಫ್ರೇಮ್. ಲ್ಯಾಡರಿನಲ್ಲಿ ಮುಂದಿನ ಹೆಜ್ಜೆ ಎಲ್ಲಿಗೆ ಅಂತ ಮೊದಲೇ ಗೊತ್ತಿರುತ್ತದೆ. ಆಟದಲ್ಲಿ ಗೊತ್ತಿರುವುದಿಲ್ಲ. ಇಷ್ಟು ಸಣ್ಣ ವಿಷಯ ಹೊಳೆಯುವುದಕ್ಕೆ ನನಗೆ ಮೂರು ತಿಂಗಳು ಬೇಕಾಯಿತು.

ಆಮೇಲೆ ದುಡ್ಡು ಸುಟ್ಟುಕೊಂಡಿದ್ದು ಲೈಟುಗಳಲ್ಲಿ. ಎಲ್ಲಿ ಹೊತ್ತಿಕೊಳ್ಳುತ್ತದೋ ಅಲ್ಲಿಗೆ ಓಡಿ ಮುಟ್ಟಬೇಕಲ್ಲ, ಆ ಸೆಟ್. ಒಂದೂವರೆ ತಿಂಗಳ ಕೋಚಿಂಗ್ ಫೀಸು ಪೂರ್ತಿ ಅದಕ್ಕೇ ಹೋಯಿತು. ಮನೆಯಲ್ಲಿ ಹೇಳಿದ್ದು ಅರ್ಧ ರೇಟು ಮಾತ್ರ. ನಾಲ್ಕು ತಿಂಗಳಲ್ಲಿ ಆರರಲ್ಲಿ ಎರಡು ಸತ್ತವು. ಮಾರಿದವರು ನಮ್ಮ ಮಕ್ಕಳೇ ತುಳಿದಿದ್ದು ಅಂದರು. ತುಳಿದಿರಲೂಬಹುದು! ಆದರೆ ನಿಜವಾದ ತೊಂದರೆ ಅದಲ್ಲ. ಮಕ್ಕಳು ಲೈಟಿಗೆ ಓಡುವುದರಲ್ಲಿ ಪಳಗಿದರು. ಮ್ಯಾಚಿನಲ್ಲಿ ಯಾವ ಲೈಟೂ ಹೊತ್ತಿಕೊಳ್ಳುವುದಿಲ್ಲ. ಅಲ್ಲಿ ನೋಡಬೇಕಾದ್ದು ಎದುರಾಳಿಯ ಭುಜ, ಮೊಣಕೈ, ರ‍್ಯಾಕೆಟ್ಟಿನ ಮುಖ. ಉಳಿದ ನಾಲ್ಕನ್ನು ಸಿಕ್ಕ ರೇಟಿಗೆ ಮಾರಿದೆ.

ಮುಂದಿನ ತಪ್ಪು ಹೊತ್ತಿನದ್ದು. ಅಜಿಲಿಟಿಯನ್ನು ಸೆಷನ್ನಿನ ಕೊನೆಗೆ ಇಟ್ಟಿದ್ದೆ. ಅಷ್ಟೊತ್ತಿಗೆ ಕಾಲು ಸೋತಿರುತ್ತದೆ, ತಲೆಯೂ ಸೋತಿರುತ್ತದೆ. ನಿಧಾನವಾಗಿ ಓಡುವುದನ್ನೇ ದಿನಾ ಅಭ್ಯಾಸ ಮಾಡಿಸುತ್ತಿದ್ದೆ ಅಂದರೂ ಆಯಿತು. ಒಬ್ಬಳು ಪಾದ ತಿರುಚಿಕೊಂಡು ಮೂರು ವಾರ ಮನೆಯಲ್ಲಿ ಕೂತಳು. ಅದು ನನ್ನದೇ ತಪ್ಪು. ಅವತ್ತಿನಿಂದ ವಾರ್ಮಪ್ ಆದ ಕೂಡಲೇ ಇದು. ಬೇರೆಲ್ಲ ಆಮೇಲೆ.

ಈಗ ಮಾಡುವುದು ಇಷ್ಟು. ಐದಾರು ಸೆಕೆಂಡಿನ ಸುತ್ತು, ಒಂದು ನಿಮಿಷಕ್ಕೆ ಕಮ್ಮಿಯಿಲ್ಲದ ವಿಶ್ರಾಂತಿ. ಒಬ್ಬೊಬ್ಬರಿಗೆ ಎಂಟರಿಂದ ಹತ್ತು ಸುತ್ತು, ವಾರಕ್ಕೆ ಮೂರು ದಿನ. ಗೋಡೆಗೆ ಒರಗಿ ಕೂತಿದ್ದು ಇದಕ್ಕೇ. ಸುಸ್ತಾದ ಸ್ನಾಯು ವೇಗ ಕಲಿಯುವುದಿಲ್ಲ. ಎದುರಿಗೆ ಒಬ್ಬ ಫೀಡರ್, ಕೈಯಲ್ಲಿ ರ‍್ಯಾಕೆಟ್, ಎಷ್ಟೋ ಸಲ ಶಟಲ್ಲೇ ಇಲ್ಲ. ಅವನು ಹೊಡೆಯುವ ಹಾಗೆ ಬೀಸುತ್ತಾನೆ, ಆಡುವವನು ಆ ಬೀಸನ್ನು ಓದಿ ಸರಿಯಾದ ಮೂಲೆಗೆ ಹೊರಡಬೇಕು. ಮೊದಲ ಸಲ ಕೋರ್ಟಿನ ಆರು ಮೂಲೆಗೂ (ಮುಂದೆ, ಮಧ್ಯೆ, ಹಿಂದೆ ಎರಡೆರಡು) ಒಟ್ಟಿಗೇ ಬಿಟ್ಟು ಕೆಟ್ಟೆ, ಎಲ್ಲರೂ ನಿಂತಲ್ಲೇ ನಿಂತರು. ಆಯ್ಕೆ ಹೆಚ್ಚಾದಷ್ಟೂ ತಲೆ ತೆಗೆದುಕೊಳ್ಳುವ ಹೊತ್ತೂ ಹೆಚ್ಚು. ಹಿಕ್ ಅನ್ನುವ ಮನಶ್ಶಾಸ್ತ್ರಜ್ಞರು ಇದನ್ನು 1952ರಲ್ಲೇ ಅಳೆದು ತೋರಿಸಿದ್ದಾರೆ, ನಾನು ಓದಿದ್ದು ಕೆಟ್ಟ ಮೇಲೆ. ಈಗ ಎರಡು ಮೂಲೆ, ಎರಡು ವಾರ ಬಿಟ್ಟು ಮೂರು, ಆಮೇಲೆ ನಾಲ್ಕು. ಫೀಡರ್ ಯಾವಾಗ ಮೋಸ ಮಾಡಬೇಕು, ಯಾವ ಲೆಕ್ಕದಲ್ಲಿ ಮಾಡಬೇಕು ಅನ್ನುವುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಎಂಟು ತಿಂಗಳ ಬೆವರು ಅದು.

ಯಾವ ಕಡೆಗಾದರೂ ಹೊರಡಲು ಸಿದ್ಧವಾಗುವ ಸಣ್ಣ ನೆಗೆತ, ಅಂದರೆ ಸ್ಪ್ಲಿಟ್ ಸ್ಟೆಪ್ಪಿನಲ್ಲೂ ಒಂದು ಸಣ್ಣ ತಿದ್ದುಪಡಿ ಮಾಡಿದೆ. ನಮ್ಮವರು ಎದುರಾಳಿ ಹೊಡೆಯುವ ಮೊದಲೇ ನೆಲಕ್ಕಿಳಿದು ಬೇರುಬಿಟ್ಟು ನಿಲ್ಲುತ್ತಿದ್ದರು. ಇಳಿಯಬೇಕಾದ್ದು ಹೊಡೆದ ಮರುಕ್ಷಣ. ಟಿಕ್ ಟಿಕ್ ಅಂತ ತಾಳ ಹಾಕುವ ಮೆಟ್ರೊನೋಮ್ ಇಟ್ಟು ಕಲಿಸಲು ಹೋಗಿ ಕೈಸುಟ್ಟುಕೊಂಡೆ. ಮಕ್ಕಳು ತಾಳಕ್ಕೆ ಹಾರಿದರು, ಎದುರಾಳಿ ತಾಳ ತಪ್ಪಿಸಿದ.

ಇನ್ನೊಂದು, ನಿಲ್ಲುವುದು. ಅಜಿಲಿಟಿ ಅಂದರೆ ಓಡುವುದು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ನನ್ನ ಪ್ರಕಾರ ಅರ್ಧಕ್ಕರ್ಧ ಬ್ರೇಕು. ಬ್ರೇಕ್ ನಂಬದವನು ಗಾಡಿ ಜೋರಾಗಿ ಬಿಡುತ್ತಾನಾ? ಆದ್ದರಿಂದ ಹಾರಿ ಒಂಟಿ ಕಾಲಲ್ಲಿ ಇಳಿದು ಮೂರು ಸೆಕೆಂಡ್ ಅಲುಗಾಡದೆ ನಿಲ್ಲುವುದನ್ನು ಎರಡು ತಿಂಗಳು ಬಿಡದೆ ಮಾಡಿಸಿದೆ. ಮಂಡಿ ಒಳಕ್ಕೆ ಬಾಗಿದರೆ ಲೆಕ್ಕಕ್ಕಿಲ್ಲ. ಬ್ಯಾಲೆನ್ಸ್ ಬೋರ್ಡೂ ತಂದಿದ್ದೆ, ಅದೀಗ ಬಾಗಿಲಿಗೆ ಅಡ್ಡ ಇಡುವುದಕ್ಕೆ ಚೆನ್ನಾಗಿದೆ. ಜಂಪುಗಳು ವಾರಕ್ಕೆ ಎರಡು ದಿನ, ದಿನಕ್ಕೆ ಮೂವತ್ತು ನಲವತ್ತು. ಅದಕ್ಕಿಂತ ಜಾಸ್ತಿ ಬೇಡ.

ಮಧ್ಯೆ ಒಂದು ಚಟಕ್ಕೆ ಬಿದ್ದೆ. 30 ಸೆಂಟಿಮೀಟರ್ ಸ್ಕೇಲ್ ಬೀಳಿಸಿ ಹಿಡಿಯುವ ಟೆಸ್ಟ್ ಇದೆಯಲ್ಲ, ಅದು. 20 ಸೆಂಟಿಮೀಟರಿನಲ್ಲಿ ಹಿಡಿದರೆ ಸುಮಾರು 0.2 ಸೆಕೆಂಡ್. ಎರಡು ತಿಂಗಳು ದಿನಾ ಮಾಡಿಸಿದೆ. 19 ಇದ್ದದ್ದು 17ಕ್ಕೆ ಬಂತು, ಖುಷಿಪಟ್ಟೆ. ಆಮೇಲೆ ಸ್ಕೇಲ್ ಬಿಟ್ಟು ಪೆನ್ನು ಬೀಳಿಸಿದೆ, ಎಲ್ಲರೂ ಹಳೆಯ ಜಾಗಕ್ಕೇ ವಾಪಸ್. ಸ್ಕೇಲ್ ಹಿಡಿಯುವುದನ್ನಷ್ಟೇ ಕಲಿತಿದ್ದರು. ಗೋಡೆಗೆ ಎರಡು ಮೀಟರ್ ದೂರದಿಂದ ಚೆಂಡು ಎಸೆದು ಇನ್ನೊಂದು ಕೈಯಲ್ಲಿ ಹಿಡಿಯುವುದೂ ಹಾಗೇ. 30 ಸೆಕೆಂಡಿಗೆ 18 ಇದ್ದದ್ದು 27 ಆಯಿತು, ಆಟದಲ್ಲಿ ನಯಾಪೈಸೆ ವ್ಯತ್ಯಾಸವಿಲ್ಲ. ಮಕ್ಕಳಿಗೆ ಇಷ್ಟ ಅಂತ ವಾರ್ಮಪ್ಪಿನಲ್ಲಿ ಉಳಿಸಿಕೊಂಡಿದ್ದೇನೆ. ರಿಯಾಕ್ಷನ್ ಅನ್ನೋದು ಅಷ್ಟೇನೂ ಬದಲಾಗಲಿಲ್ಲ ಅಂತಲೇ ನನ್ನ ಅನುಮಾನ. ಬದಲಾಗಿದ್ದು, ಏನನ್ನ ನೋಡಬೇಕು ಅನ್ನೋದು.

ಫಲ? ಆರು ತಿಂಗಳ ಹೊತ್ತಿಗೆ ಹದಿನಾಲ್ಕರಲ್ಲಿ ಹತ್ತು ಜನ 75, 80 ಫ್ರೇಮಿಗೆ ಇಳಿದರು. T ಆಕಾರದಲ್ಲಿಟ್ಟ ಗುರುತುಗಳ ನಡುವೆ ಓಡಿ ಅಜಿಲಿಟಿ ಅಳೆಯುವ ಟಿ-ಟೆಸ್ಟ್ 11.8 ಸೆಕೆಂಡ್ ಇದ್ದದ್ದು 11.2, 11.3ರ ಹತ್ತಿರ ಬಂತು. ಕೈಯಲ್ಲಿ ಸ್ಟಾಪ್‌ವಾಚ್ ಒತ್ತಿದ ಲೆಕ್ಕ, ಜಾಸ್ತಿ ನಂಬಬೇಡಿ. ಹಿಂದೆ ಎರಡೇ ಗೇಮಿನಲ್ಲಿ ಸೋಲುತ್ತಿದ್ದ ಮೂವರು ಈ ಸಲ ಕ್ವಾರ್ಟರ್ ಫೈನಲ್ ಆಡಿದರು. ಎಲ್ಲವೂ ಸಿಹಿಯಲ್ಲ. ಬೀಪ್ ಟೆಸ್ಟ್ ಅರ್ಧ ಲೆವೆಲ್ ಇಳಿಯಿತು, ಅದಕ್ಕೆ ವಾರಕ್ಕೊಂದು ಓಟದ ದಿನ ಮತ್ತೆ ಸೇರಿಸಿದೆ. ಒಬ್ಬ ಹುಡುಗನಿಗೆ ಇದರಿಂದ ಏನೂ ಉಪಯೋಗ ಆಗಲಿಲ್ಲ. ಅವನು ಎದುರಾಳಿಯನ್ನು ಮೊದಲೇ ಚೆನ್ನಾಗಿ ಓದುತ್ತಿದ್ದ, ಕಾಲಿನಲ್ಲಿ ಬಲವಿರಲಿಲ್ಲ. ಅವನಿಗೆ ಬೇಕಿದ್ದದ್ದು ಸ್ಕ್ವಾಟು, ನಾನು ಕೊಟ್ಟಿದ್ದು ಫೀಡರ್.

ಅವತ್ತು ಪ್ರಶ್ನೆ ಕೇಳಿದ ಅಪ್ಪ ಈಗ ಮಕ್ಕಳ ಜೊತೆ ಅದೇ ಗೋಡೆಗೆ ಒರಗಿ ಕೂರುತ್ತಾರೆ. ಫೋನ್ ಹಿಡಿದು ಫ್ರೇಮ್ ಎಣಿಸುವ ಕೆಲಸ ಅವರದ್ದೇ. ಮಗಳ ಸರದಿ ಬಂದಾಗ ಮಾತ್ರ ನನ್ನ ಲೆಕ್ಕಕ್ಕಿಂತ ನಾಲ್ಕೈದು ಫ್ರೇಮ್ ಕಮ್ಮಿಯೇ ಬರುತ್ತದೆ. ನಾನು ಕೇಳಲು ಹೋಗಿಲ್ಲ.