ಹ್ಯಾಸ್ಕೆಲ್‌ನಲ್ಲಿ ಕನ್ನಡ ಪದ ಎಣಿಸೋಣ: ದಿನಾ ಕಾಡುವ ತೊಂದರೆ, ಕೈಗೆ ಬೇಕಾದ ಸಾಧನ

ಹ್ಯಾಸ್ಕೆಲ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಯಲು ಕೂತವರು ನನ್ನನ್ನು ಮೊದಲು ಕೇಳುವುದೇ ಅದರ ಮೊನಾಡ್ ಎಂಬ ಪರಿಕಲ್ಪನೆ ಬಗ್ಗೆ. ಅದು ಆಮೇಲೆ ಬರಲಿ ಬಿಡಿ. ಕೆಲಸಕ್ಕೆ ಕೂತಾಗ ದಿನಾ ತಲೆ ತಿನ್ನುವುದು ಮೊನಾಡ್ ಅಲ್ಲ. ಕಂಪೈಲರ್‌ಗೂ ಲೈಬ್ರರಿಗೂ ಹೊಂದಾಣಿಕೆ ಆಗದಿರುವುದು, ಪಠ್ಯ ಇಡುವ ಎರಡು ಟೈಪ್‌ಗಳಾದ ಸ್ಟ್ರಿಂಗ್‌ಗೂ ಟೆಕ್ಸ್ಟ್‌ಗೂ ಜಗಳ, ಯಾಕೆ ಅಂತಲೇ ಗೊತ್ತಾಗದೆ ಏರುವ ಮೆಮೊರಿ. ಕನ್ನಡ ಪಠ್ಯ ಇಟ್ಟುಕೊಂಡರೆ ಇನ್ನೂ ನಾಲ್ಕು ಹೊಸ ತೊಂದರೆ ಸೇರಿಕೊಳ್ಳುತ್ತವೆ.

ನಾನು ಹಗಲು ಸರ್ವರ್ ಕೋಡ್ ಬರೆಯುತ್ತೇನೆ, ಬಿಡುವಾದಾಗ ಸ್ಪೆಲ್‌ಚೆಕ್ಕರ್‌ಗೆ ಕನ್ನಡ ಪದಪಟ್ಟಿ ಮಾಡುತ್ತೇನೆ. ಎರಡೂ ಹ್ಯಾಸ್ಕೆಲ್‌ನಲ್ಲೇ. ಇದನ್ನು ಯಾರು ಬಳಸ್ತಾರೆ ಅನ್ನುವವರಿಗೆ ಒಂದು ಮಾತು: ಬೆಂಗಳೂರಿನ ಆಟೊಗಳು ಓಡುವ ನಮ್ಮ ಯಾತ್ರಿ ಆ್ಯಪ್‌ನ ಸರ್ವರ್ ಕೋಡ್ ಹ್ಯಾಸ್ಕೆಲ್‌ನಲ್ಲೇ ಇದೆ, ಓಪನ್ ಸೋರ್ಸ್ ಕೂಡ. ತೆಗೆದು ಓದಬಹುದು.

ಇಲ್ಲಿ ಒಂದೇ ಕೆಲಸ ಹಿಡಿಯೋಣ. ಒಂದು ಫೋಲ್ಡರ್ ತುಂಬ ಕನ್ನಡ ಲೇಖನಗಳಿವೆ. ಯಾವ ಪದ ಎಷ್ಟು ಸಲ ಬಂದಿದೆ ಎಂದು ಎಣಿಸಬೇಕು. ಕೇಳಲು ಸಣ್ಣದು. ದಾರಿಯಲ್ಲಿ ಬಹುತೇಕ ಎಲ್ಲ ತೊಂದರೆಗಳೂ ಎದುರಾಗುತ್ತವೆ.

ಮೊದಲು ಇನ್‌ಸ್ಟಾಲ್

ಜಿಎಚ್‌ಸಿ ಎನ್ನುವುದು ಕಂಪೈಲರ್. ಅದನ್ನು ಲಿನಕ್ಸ್‌ನ ಪ್ಯಾಕೇಜ್ ಮ್ಯಾನೇಜರ್‌ನಿಂದ ಹಾಕಿಕೊಳ್ಳಬೇಡಿ, ಹಳೆಯದೇ ಸಿಗುವುದು ಜಾಸ್ತಿ. ಜಿಎಚ್‌ಸಿಅಪ್ ಬಳಸಿ. ಜಿಎಚ್‌ಸಿ, ಲೈಬ್ರರಿ ತರಿಸಿ ಪ್ರಾಜೆಕ್ಟ್ ಕಟ್ಟುವ ಕಬಾಲ್, ಸ್ಟಾಕ್, ಎಡಿಟರ್‌ಗೆ ಬೇಕಾದ ಎಚ್‌ಎಲ್‌ಎಸ್, ಎಲ್ಲವೂ ಅದರಿಂದಲೇ ಬರುತ್ತವೆ. ಟರ್ಮಿನಲ್‌ನಲ್ಲಿ ಅದರ ಹೆಸರಿನ ಮುಂದೆ ಟಿಯುಐ ಎಂದು ಹಾಕಿದರೆ ಆವೃತ್ತಿಗಳ ಪಟ್ಟಿ ತೆರೆಯುತ್ತದೆ. ಅಲ್ಲಿ ‘ಲೇಟೆಸ್ಟ್’ ಅಂತ ಇರುವುದನ್ನು ಬಿಟ್ಟು ‘ರೆಕಮೆಂಡೆಡ್’ ಅಂತ ಇರುವುದನ್ನು ಆರಿಸಿ. ಎಚ್‌ಎಲ್‌ಎಸ್ ಎಲ್ಲ ಜಿಎಚ್‌ಸಿ ಜೊತೆಗೂ ಓಡುವುದಿಲ್ಲ. ಎಡಿಟರ್‌ನಲ್ಲಿ ಸುಮ್ನೆ ಕೆಂಪು ಗೆರೆ ಬಂದು ಏನೂ ಕೆಲಸ ಮಾಡದಿದ್ದರೆ ಮೊದಲು ಈ ಜೋಡಿ ಹೊಂದುತ್ತದೆಯೇ ನೋಡಿ.

ಕಬಾಲ್ ‘ಬೇಸ್’ ಹೆಸರೆತ್ತಿ ಉದ್ದದ ದೂರು ಕೊಟ್ಟರೆ ಹೆದರಬೇಡಿ. ಬೇಸ್ ಲೈಬ್ರರಿ ಕಂಪೈಲರ್ ಜೊತೆಗೇ ಬರುತ್ತದೆ, ಬೇರೆ ಹಾಕಲು ಬರುವುದಿಲ್ಲ. ಬೇಸ್ 4.18 ಅಂದರೆ ಜಿಎಚ್‌ಸಿ 9.6. ಬೇಸ್ 4.20 ಅಂದರೆ 9.10. ದೂರಿನಲ್ಲಿ ಯಾವ ಅಂಕಿ ಕೇಳುತ್ತಿದೆಯೋ ಆ ಕಂಪೈಲರ್‌ಗೆ ಬದಲಾಯಿಸಿ, ಇಲ್ಲವೇ ಆ ಲೈಬ್ರರಿಯ ಹೊಸ ಆವೃತ್ತಿ ಹುಡುಕಿ. ಕೆಲಸ ಸರಿಹೋದ ದಿನವೇ ಕಬಾಲ್ ಫ್ರೀಜ್ ಮಾಡಿಟ್ಟರೆ ಮುಂದೆಯೂ ಅದೇ ಆವೃತ್ತಿಗಳು ಸಿಗುತ್ತವೆ. ಕಬಾಲ್ ಒಳ್ಳೆಯದೋ ಸ್ಟಾಕ್ ಒಳ್ಳೆಯದೋ ಅನ್ನುವ ವಾದಕ್ಕೆ ನಾನಿಲ್ಲ. ಒಂದೇ ಪ್ರಾಜೆಕ್ಟ್‌ನಲ್ಲಿ ಎರಡನ್ನೂ ಕಲಸಬೇಡಿ, ಅಷ್ಟೇ.

ಪ್ರಿಂಟ್ ಕೊಟ್ಟರೆ ಬರೀ ಅಂಕಿ

‘ಕನ್ನಡ’ ಎನ್ನುವ ಪದವನ್ನು ಪ್ರಿಂಟ್‌ಗೆ ಕೊಡಿ. ತೆರೆಯ ಮೇಲೆ \3221\3240\3277\3240\3233 ಎಂದು ಬರುತ್ತದೆ. ಕೋಡ್ ಕೆಟ್ಟಿಲ್ಲ. ಪ್ರಿಂಟ್ ಮೊದಲು ಶೋ ಎನ್ನುವುದನ್ನು ಕರೆಯುತ್ತದೆ. ಶೋ ಆಸ್ಕಿ (ಇಂಗ್ಲಿಷ್ ಅಕ್ಷರ, ಅಂಕಿ, ಚಿಹ್ನೆಗಳ ಹಳೆಯ ಪಟ್ಟಿ) ಅಲ್ಲದ ಅಕ್ಷರವನ್ನೆಲ್ಲ ಅಂಕಿ ಮಾಡಿ ತೋರಿಸುತ್ತದೆ. ಜನರಿಗೆ ತೋರಿಸಬೇಕಾದ್ದನ್ನು ಪುಟ್‌ಸ್ಟ್ರ್‌ಎಲ್‌ಎನ್‌ಗೆ ಕೊಡಿ, ಕನ್ನಡವಾಗಿಯೇ ಬರುತ್ತದೆ.

ಹಾಗಂತ ಪ್ರಿಂಟ್ ಅನ್ನು ಬೈಯಬೇಡಿ. ಕನ್ನಡ ಪಠ್ಯ ತಪಾಸಣೆಗೆ ಅದಕ್ಕಿಂತ ಒಳ್ಳೆ ಸಾಧನ ಇಲ್ಲ. ಮೇಲಿನ ಸಾಲನ್ನೇ ನೋಡಿ. ನಾವು ಓದುವುದು ಮೂರು ಅಕ್ಷರ, ಅಲ್ವಾ? ಅಲ್ಲಿರುವುದು ಐದು ಅಂಕಿ: ಕ, ನ, ಹಲಂತ, ನ, ಡ. 3277 ಅಂದರೆ ಹಲಂತದ ಚಿಹ್ನೆ. ಲೆಂಗ್ತ್ ಕೇಳಿದರೆ ಐದು ಅನ್ನುವುದೂ ಇದಕ್ಕೇ. ಇನ್ನು ರಿವರ್ಸ್ ವಿಷಯ. ‘ಕನ್ನಡ’ ತಿರುಗಿಸಿದರೆ ‘ಡನ್ನಕ’ ಎಂದು ಚೆನ್ನಾಗಿಯೇ ಬರುತ್ತದೆ, ಎರಡು ನ ನಡುವೆ ಹಲಂತ ಇರುವುದರಿಂದ ಆದ ಅದೃಷ್ಟ ಅದು. ‘ಬೆಂಗಳೂರು’ ತಿರುಗಿಸಿ ನೋಡಿ, ಮೊದಲಿಗೇ ಒಂದು ಒಂಟಿ ಉಕಾರದ ಕೊಂಬು ನಿಂತಿರುತ್ತದೆ.

ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಓಡಿದ್ದು ಡಾಕರ್ (ಪ್ರೋಗ್ರಾಂ ಓಡಿಸುವ ಪ್ರತ್ಯೇಕ ಕಂಟೇನರ್) ಒಳಗೆ ಬಿದ್ದರೆ, ದೂರಿನಲ್ಲಿ 224ರಿಂದ ಶುರುವಾಗುವ ಬೈಟ್ ಓದಲಾಗುತ್ತಿಲ್ಲ ಎಂಬರ್ಥದ ಸಾಲು ಇದೆಯಾ ನೋಡಿ. ಯೂನಿಕೋಡ್ ಪಠ್ಯವನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8ರಲ್ಲಿ ಪ್ರತಿ ಕನ್ನಡ ಚಿಹ್ನೆಯ ಮೊದಲ ಬೈಟೇ 224. ಕಂಟೇನರ್‌ನಲ್ಲಿ ಲ್ಯಾಂಗ್ ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್ ಇಲ್ಲದಿದ್ದಾಗ ಹ್ಯಾಸ್ಕೆಲ್ ಎಲ್ಲವನ್ನೂ ಆಸ್ಕಿ ಎಂದುಕೊಳ್ಳುತ್ತದೆ. ಲ್ಯಾಂಗ್‌ಗೆ ‘ಸಿ ಡಾಟ್ ಯುಟಿಎಫ್-8’ ಎಂದು ಕೊಡಿ. ನಾನಂತೂ ಅದನ್ನೂ ನಂಬುವುದಿಲ್ಲ. ಫೈಲನ್ನು ಬೈಟ್‌ಸ್ಟ್ರಿಂಗ್ ಆಗಿ ಓದಿ, ಆಮೇಲೆ ಡಿಕೋಡ್‌ಯುಟಿಎಫ್8 ಹಾಕುತ್ತೇನೆ. ಆಗ ಯಾವ ಮೆಷಿನ್ ಆದರೂ ಒಂದೇ ಫಲಿತಾಂಶ.

ಸ್ಟ್ರಿಂಗ್ ಬಿಡಿ, ಟೆಕ್ಸ್ಟ್ ಹಿಡಿ

ಪಾಠಗಳಲ್ಲೆಲ್ಲ ಸ್ಟ್ರಿಂಗ್ ಇರುತ್ತದೆ. ಅದು ಅಕ್ಷರಗಳ ಕೊಂಡಿ ಪಟ್ಟಿ. 64 ಬಿಟ್ ಮೆಷಿನ್‌ನಲ್ಲಿ ಒಂದೊಂದು ಕೊಂಡಿಗೆ 24 ಬೈಟ್. ಇಂಗ್ಲಿಷ್ ಅಕ್ಷರಗಳನ್ನು ಜಿಎಚ್‌ಸಿ ಮೊದಲೇ ಮಾಡಿಟ್ಟಿರುತ್ತದೆ, ಅವಕ್ಕೆ ಬೇರೆ ಜಾಗ ಬೇಡ. ಆ ಸವಲತ್ತು 255ರ ತನಕ ಮಾತ್ರ. ಕನ್ನಡದ ಚಿಹ್ನೆಗಳು 3200ರಿಂದ ಆಚೆಗಿವೆ, ಹಾಗಾಗಿ ಒಂದೊಂದಕ್ಕೂ ಇನ್ನೂ 16 ಬೈಟ್. ಒಟ್ಟು 40. ಅದೇ ಟೆಕ್ಸ್ಟ್‌ನಲ್ಲಿ, ಆವೃತ್ತಿ 2ರಿಂದ ಈಚೆಗೆ, ಮೂರೇ ಬೈಟ್. ಒಂದು ಕೋಟಿ ಚಿಹ್ನೆಗಳ ಪಠ್ಯ ಸ್ಟ್ರಿಂಗ್ ಆದರೆ ಸುಮಾರು 400 ಎಂಬಿ, ಟೆಕ್ಸ್ಟ್ ಆದರೆ 30 ಎಂಬಿ. ವಾದವೇ ಬೇಕಿಲ್ಲ.

ಟೆಕ್ಸ್ಟ್‌ಗೆ ಬದಲಾದ ಕೂಡಲೇ ಟೈಪ್ ಹೊಂದುತ್ತಿಲ್ಲ ಎಂಬ ದೂರುಗಳ ಸುರಿಮಳೆ ಆಗುತ್ತದೆ. ಫೈಲಿನ ತಲೆಯಲ್ಲಿ ಓವರ್‌ಲೋಡೆಡ್‌ಸ್ಟ್ರಿಂಗ್ಸ್ ಎಂಬ ಎಕ್ಸ್‌ಟೆನ್ಶನ್ ಹಾಕಿದರೆ ಅರ್ಧ ಕಡಿಮೆಯಾಗುತ್ತವೆ. ಜಿಎಚ್‌ಸಿ 9.6ರಿಂದ ಈಚೆಗೆ ಪ್ರತಿ ದೂರಿಗೂ ಒಂದು ನಂಬರ್ ಇದೆ. ಟೈಪ್ ಹೊಂದದಿರುವುದಕ್ಕೆ ಜಿಎಚ್‌ಸಿ-83865. ಹ್ಯಾಸ್ಕೆಲ್ ಎರರ್ ಇಂಡೆಕ್ಸ್‌ನಲ್ಲಿ ಆ ನಂಬರ್ ಹುಡುಕಿದರೆ ಉದಾಹರಣೆ ಸಮೇತ ವಿವರಣೆ ಸಿಗುತ್ತದೆ.

ಯಾವ ಫಂಕ್ಷನ್ ಬೇಕು ಎಂದು ಹೊಳೆಯದಿದ್ದರೆ ಎರಡು ದಾರಿ. ಒಂದು, ಆ ಜಾಗದಲ್ಲಿ ಅಂಡರ್‌ಸ್ಕೋರ್ ಇಟ್ಟು ಕಂಪೈಲ್ ಮಾಡಿ. ಅಲ್ಲಿ ಯಾವ ಟೈಪ್ ಬೇಕು, ಕೈಯಲ್ಲಿರುವ ಯಾವ ಹೆಸರುಗಳು ಅಲ್ಲಿ ಕೂರುತ್ತವೆ ಎಂದು ಜಿಎಚ್‌ಸಿಯೇ ಹೇಳುತ್ತದೆ. ಇನ್ನೊಂದು ಹೂಗಲ್, ಹ್ಯಾಸ್ಕೆಲ್ ಫಂಕ್ಷನ್‌ಗಳನ್ನು ಹುಡುಕುವ ತಾಣ. ಹೆಸರು ಗೊತ್ತಿಲ್ಲದಿದ್ದರೂ ಟೈಪ್ ಬರೆದು ಹುಡುಕಬಹುದು. ‘ಎ ಕೊಟ್ಟರೆ ಮೇಬಿ ಬಿ’ ಎನ್ನುವ ಫಂಕ್ಷನ್, ಎ ಪಟ್ಟಿ, ಕೊನೆಗೆ ಬಿ ಪಟ್ಟಿ ಎಂದು ಟೈಪ್‌ನ ರೂಪದಲ್ಲಿ ಬರೆಯಿರಿ, ಮ್ಯಾಪ್‌ಮೇಬಿ ಎದುರಿಗೆ ಬಂದು ನಿಲ್ಲುತ್ತದೆ. ಹೂಗಲ್ ಮಾಡಿದ ನೀಲ್ ಮಿಚೆಲ್ ಅವರದ್ದೇ ಇನ್ನೊಂದು ಸಾಧನ ಜಿಎಚ್‌ಸಿಐಡಿ. ಫೈಲ್ ಸೇವ್ ಮಾಡಿದ ಕ್ಷಣಕ್ಕೆ ದೂರುಗಳನ್ನು ತೋರಿಸುತ್ತದೆ. ಎಚ್‌ಎಲ್‌ಎಸ್ ಮುನಿಸಿಕೊಂಡ ದಿನ ಇದೊಂದಿದ್ದರೆ ಸಾಕು.

ಪದ ಒಡೆಯುವುದು

ವರ್ಡ್ಸ್ ಎನ್ನುವ ಫಂಕ್ಷನ್ ಖಾಲಿ ಜಾಗ ಇರುವಲ್ಲಿ ಮಾತ್ರ ಒಡೆಯುತ್ತದೆ. ‘ಬಂದ’ ಬೇರೆ, ಪೂರ್ಣವಿರಾಮ ಅಂಟಿದ ‘ಬಂದ.’ ಬೇರೆ ಎಂದು ಎಣಿಸುತ್ತದೆ. ಸರಿ, ಅಕ್ಷರ ಅಲ್ಲದ್ದನ್ನೆಲ್ಲ ತೆಗೆಯೋಣ ಎಂದು ಈಸ್‌ಆಲ್ಫಾ ಹಾಕಿ ಫಿಲ್ಟರ್ ಮಾಡಿದಿರೋ, ‘ಬೆಂಗಳೂರು’ ಹೋಗಿ ‘ಬಗಳರ’ ಆಗುತ್ತದೆ. ಯೂನಿಕೋಡ್ ಲೆಕ್ಕದಲ್ಲಿ ಕಾಗುಣಿತದ ಚಿಹ್ನೆ, ಅನುಸ್ವಾರ, ಹಲಂತ ಯಾವುದೂ ಅಕ್ಷರ ಅಲ್ಲ, ಅವು ಮಾರ್ಕ್. ಡೇಟಾ.ಚಾರ್ ಮಾಡ್ಯೂಲ್‌ನಲ್ಲಿ ಈಸ್‌ಮಾರ್ಕ್ ಕೂಡ ಇದೆ. ‘ಈಸ್‌ಆಲ್ಫಾ ಅಥವಾ ಈಸ್‌ಮಾರ್ಕ್’ ಎಂದು ಬರೆಯಿರಿ.

ಇನ್ನೂ ಮುಗಿದಿಲ್ಲ. ‘ಸಾಫ್ಟ್‌ವೇರ್’ ಪದದಲ್ಲಿ ವ ಒತ್ತಾಗದಂತೆ ತಡೆಯುವ ಕಾಣದ ಚಿಹ್ನೆ ಒಂದಿದೆ, ನಂಬರ್ 8204. ಅದು ಅಕ್ಷರವೂ ಅಲ್ಲ, ಮಾರ್ಕೂ ಅಲ್ಲ. ಅದನ್ನು ಪಟ್ಟಿಗೆ ಸೇರಿಸದಿದ್ದರೆ ಫಿಲ್ಟರ್ ಅದನ್ನು ಉದುರಿಸಿ ಪದದ ರೂಪವೇ ಬದಲಾಗುತ್ತದೆ. ಸೇರಿಸಿದರೆ ಇನ್ನೊಂದು ತಕರಾರು. ‘ಬಸ್’ ಆದಮೇಲೆ ಸುಮ್ನೆ ಅದನ್ನು ಒತ್ತಿ ಸ್ಪೇಸ್ ಹೊಡೆಯುವವರಿದ್ದಾರೆ. ಕಣ್ಣಿಗೆ ಎರಡೂ ‘ಬಸ್’, ಲೆಕ್ಕದಲ್ಲಿ ಬೇರೆ ಬೇರೆ. ಹಾಗಾಗಿ ಒಳಗಿದ್ದರೆ ಇರಲಿ, ಪದದ ತುದಿಯಲ್ಲಿದ್ದರೆ ಡ್ರಾಪ್‌ಅರೌಂಡ್ ಹಾಕಿ ಉದುರಿಸಿ. ಓಕಾರ, ಏಕಾರಗಳನ್ನೂ ಯೂನಿಕೋಡ್‌ನಲ್ಲಿ ಒಂದೇ ಚಿಹ್ನೆಯಾಗಿಯೂ ಬರೆಯಬಹುದು, ತುಂಡು ತುಂಡಾಗಿಯೂ ಬರೆಯಬಹುದು. ಯೂನಿಕೋಡ್-ಟ್ರಾನ್ಸ್‌ಫಾರ್ಮ್ಸ್ ಪ್ಯಾಕೇಜಿನಲ್ಲಿರುವ, ಎರಡನ್ನೂ ಒಂದೇ ರೂಪಕ್ಕೆ ತರುವ ಎನ್‌ಎಫ್‌ಸಿ ದಾಟಿಸಿಯೇ ಮುಂದೆ ಹೋಗಿ.

ಪದದಲ್ಲಿ ಎಷ್ಟು ಅಕ್ಷರ ಎಂದು ನಮ್ಮ ಲೆಕ್ಕದಲ್ಲೇ ಬೇಕಾದರೆ? ಗ್ರೂಪ್‌ಬೈ ಕಡೆ ಕೈ ಹೋಗುತ್ತದೆ. ಬೇಡ. ಅದು ಪಕ್ಕದ ಚಿಹ್ನೆಗೆ ಹೋಲಿಸುವುದಿಲ್ಲ, ಗುಂಪಿನ ಮೊದಲ ಚಿಹ್ನೆಗೆ ಹೋಲಿಸುತ್ತದೆ. ಒಂದು ಫೋಲ್ಡ್ (ಚಿಹ್ನೆಗಳನ್ನು ಒಂದೊಂದಾಗಿ ನೋಡುತ್ತಾ ಫಲಿತಾಂಶ ಕಟ್ಟುವುದು) ಬರೆಯಿರಿ, ನಿಯಮ ಎರಡೇ. ಬಂದ ಚಿಹ್ನೆ ಮಾರ್ಕ್ ಅಥವಾ 8204 ಆದರೆ ಹಿಂದಿನ ಗುಂಪಿಗೆ ಅಂಟಿಸಿ. ಹಿಂದಿನ ಗುಂಪು ಹಲಂತದಿಂದ ಮುಗಿದಿದ್ದರೂ ಅಂಟಿಸಿ. ಉಳಿದಂತೆ ಹೊಸ ಗುಂಪು. ‘ಕನ್ನಡ’ ಮೂರಾಗುತ್ತದೆ. ‘ಸಾಫ್ಟ್‌ವೇರ್’ನಲ್ಲಿ ಟ್ ಆದಮೇಲೆ 8204 ಇರುವುದರಿಂದ ಗುಂಪು ಹಲಂತದಿಂದ ಮುಗಿಯುವುದಿಲ್ಲ, ವೇ ತಾನಾಗಿ ಬೇರೆಯಾಗುತ್ತದೆ. ಲೂಪ್, ಫ್ಲ್ಯಾಗ್, ಇಂಡೆಕ್ಸ್ ಯಾವುದೂ ಇಲ್ಲದೆ ವ್ಯಾಕರಣದ ನಿಯಮವೇ ಕೋಡ್ ಆಗಿ ನಿಲ್ಲುವುದು ನನಗೆ ಈ ಭಾಷೆಯಲ್ಲಿ ಬಹಳ ಇಷ್ಟ.

ಮೆಮೊರಿ ಎಲ್ಲಿ ಹೋಯಿತು

ಈಗ ಎಣಿಕೆ. ಪದ ಕೀ, ಸಂಖ್ಯೆ ವ್ಯಾಲ್ಯೂ, ಇವನ್ನು ಜೋಡಿಸಿಡುವ ಒಂದು ಮ್ಯಾಪ್, ಪದ ಬಂದಾಗಲೆಲ್ಲ ಒಂದು ಕೂಡಿಸಲು ಇನ್ಸರ್ಟ್‌ವಿತ್. ಸಣ್ಣ ಫೈಲಿಗೆ ಸರಿ. ದೊಡ್ಡದು ಕೊಟ್ಟರೆ ಮೆಮೊರಿ ಏರುತ್ತಲೇ ಹೋಗುತ್ತದೆ. ಹ್ಯಾಸ್ಕೆಲ್ ಸೋಮಾರಿ ಭಾಷೆ, 1990ರ ಮೊದಲ ಆವೃತ್ತಿಯಿಂದಲೂ ಹಾಗೆಯೇ. ಉತ್ತರ ಕೇಳುವ ತನಕ ಲೆಕ್ಕ ಮಾಡುವುದಿಲ್ಲ. ಕಿರಾಣಿ ಅಂಗಡಿಯ ಉದ್ರಿ ಪುಸ್ತಕದಲ್ಲಿ ಮೊತ್ತ ಕೂಡದೆ ದಿನಾ ‘ಇನ್ನೊಂದು, ಇನ್ನೊಂದು’ ಎಂದು ಸಾಲು ಬರೆದ ಹಾಗೆ. ‘ಮತ್ತು’ ಎನ್ನುವ ಪದ ಲಕ್ಷ ಸಲ ಬಂದರೆ ಲಕ್ಷ ಬಾಕಿ ಸಾಲು. ಈ ಬಾಕಿಗೆ ಥಂಕ್ ಎನ್ನುತ್ತಾರೆ.

ಮೊದಲ ಮದ್ದು ಸುಲಭ. ಡೇಟಾ.ಮ್ಯಾಪ್ ಬದಲು ಡೇಟಾ.ಮ್ಯಾಪ್.ಸ್ಟ್ರಿಕ್ಟ್ ಇಂಪೋರ್ಟ್ ಮಾಡಿ. ಫೋಲ್ಡ್‌ಎಲ್ ಬದಲು ಅದೇ ಹೆಸರಿನ ತುದಿಗೆ ಪ್ರೈಮ್ ಗೀಟು ಇರುವುದನ್ನು ಬಳಸಿ. ಜಿಎಚ್‌ಸಿ 9.10ರಿಂದ ಅದಕ್ಕೆ ಇಂಪೋರ್ಟ್ ಕೂಡ ಬೇಡ.

ಇಷ್ಟು ಮಾಡಿಯೂ ಏರುತ್ತಿದ್ದರೆ ವ್ಯಾಲ್ಯೂ ಏನಿದೆ ನೋಡಿ. ಎಣಿಕೆ ಜೊತೆಗೆ ‘ಎಷ್ಟು ಫೈಲುಗಳಲ್ಲಿ ಬಂದಿದೆ’ ಎಂದೂ ಬೇಕಾಗಿ ಜೋಡಿ ಇಟ್ಟಿರುತ್ತೀರಿ. ಸ್ಟ್ರಿಕ್ಟ್ ಮ್ಯಾಪ್ ಹೊರಗಿನ ಪದರ ಮಾತ್ರ ಲೆಕ್ಕ ಮಾಡುತ್ತದೆ. ಇದು ಜೋಡಿ ಹೌದು ಎಂದು ಖಾತ್ರಿಯಾದರೆ ಅದಕ್ಕೆ ಸಾಕು, ಒಳಗಿನ ಎರಡು ಸಂಖ್ಯೆಗಳು ಬಾಕಿಯಾಗಿಯೇ ಉಳಿಯುತ್ತವೆ. ಜೋಡಿ ಬಿಟ್ಟು ಎರಡು ಫೀಲ್ಡ್ ಇರುವ ನಿಮ್ಮದೇ ಡೇಟಾ ಟೈಪ್ ಮಾಡಿ, ಎರಡರ ಟೈಪ್ ಹೆಸರಿಗೂ ಮುಂಚೆ ಆಶ್ಚರ್ಯಸೂಚಕ ಚಿಹ್ನೆ ಇಡಿ. ಆಗ ಹೊರಪದರ ತೆರೆದರೆ ಒಳಗಿನದೂ ಲೆಕ್ಕವಾಗುತ್ತದೆ. ನಾನು ನೋಡಿದ ಮೆಮೊರಿ ಸೋರಿಕೆಗಳಲ್ಲಿ ಹೆಚ್ಚಿನವು ಇದೇ ಜಾತಿಯವು.

ಇನ್ನೊಂದು ಟೆಕ್ಸ್ಟ್‌ನದ್ದೇ ಕಿತಾಪತಿ. ಫೈಲಿನಿಂದ ಒಡೆದ ಪದ ಹೊಸ ಪ್ರತಿ ಅಲ್ಲ. ಇಡೀ ಫೈಲಿನ ಪಠ್ಯದ ಒಳಗೆ ಇಲ್ಲಿಂದ ಇಷ್ಟು ದೂರ ಎಂಬ ಗುರುತು ಅಷ್ಟೇ. ಆ ಫೈಲಿನ ಒಂದೇ ಒಂದು ಪದ ಮ್ಯಾಪ್‌ನಲ್ಲಿ ಕೀ ಆಗಿ ಉಳಿದರೂ ಪೂರ್ತಿ ಫೈಲು ಮೆಮೊರಿಯಲ್ಲಿ ಉಳಿಯುತ್ತದೆ. ಮ್ಯಾಪ್‌ಗೆ ಹಾಕುವ ಮುಂಚೆ ಪದಕ್ಕೆ ಟೆಕ್ಸ್ಟ್‌ನ ಕಾಪಿ ಫಂಕ್ಷನ್ ಹಾಕಿ.

ಊಹೆ ಮಾಡುತ್ತಾ ಕೂರಬೇಡಿ, ಅಳೆಯಿರಿ. ಕಂಪೈಲ್ ಮಾಡುವಾಗ ಆರ್‌ಟಿಎಸ್‌ಆಪ್ಟ್ಸ್ ಫ್ಲ್ಯಾಗ್ ಕೊಡಿ. ಓಡಿಸುವಾಗ ಪ್ಲಸ್ ಆರ್‌ಟಿಎಸ್, ಮೈನಸ್ ಎಸ್. ಬರುವ ವರದಿಯಲ್ಲಿ ‘ಮ್ಯಾಕ್ಸಿಮಮ್ ರೆಸಿಡೆನ್ಸಿ’ (ಒಮ್ಮೆಗೆ ಗರಿಷ್ಠ ಎಷ್ಟು ಡೇಟಾ ಮೆಮೊರಿಯಲ್ಲಿತ್ತು) ಸಾಲು ಮಾತ್ರ ನೋಡಿ. ಅರ್ಧ ಗಾತ್ರದ ಫೈಲುಗಳಿಗೆ ಒಮ್ಮೆ, ಪೂರ್ತಿಗೆ ಒಮ್ಮೆ ಓಡಿಸಿ. ಪದಗಳ ವೈವಿಧ್ಯಕ್ಕಿಂತ ಜೋರಾಗಿ ಅಂಕಿ ಏರಿದರೆ ಸೋರಿಕೆ ಇದೆ. ಮೈನಸ್ ಎಸ್ ಬದಲು ಮೈನಸ್ ಎಚ್ ಮತ್ತು ದೊಡ್ಡಕ್ಷರದ ಟಿ ಕೊಟ್ಟರೆ ಹೀಪ್‌ನ (ಪ್ರೋಗ್ರಾಂ ಡೇಟಾ ಇಡುವ ಮೆಮೊರಿಯ) ಗ್ರಾಫ್‌ಗೆ ಬೇಕಾದ ಫೈಲ್ ಸಿಗುತ್ತದೆ, ಪ್ರೊಫೈಲಿಂಗ್ ಬಿಲ್ಡ್ ಬೇಕಿಲ್ಲ. ಗ್ರಾಫ್‌ನಲ್ಲಿ ಥಂಕ್ ಪಟ್ಟಿ ಗುಡ್ಡದಂತೆ ಏರುತ್ತಿದ್ದರೆ ಎಲ್ಲೋ ಒಂದು ಆಶ್ಚರ್ಯಸೂಚಕ ಬಾಕಿ ಇದೆ.

ಕೊನೆಗೆ ಅಕಾರಾದಿ

ಜಾಸ್ತಿ ಬಂದ ಪದ ಮೊದಲು ಬೇಕಿದ್ದರೆ ಸಾರ್ಟ್‌ಆನ್ ಜೊತೆಗೆ ಡೌನ್ ಸಾಕು. ಅಕಾರಾದಿ ಬೇಕಿದ್ದರೆ ಬರೀ ಸಾರ್ಟ್ ಸಾಲದು. ಅದು ಯೂನಿಕೋಡ್ ನಂಬರ್ ನೋಡುತ್ತದೆ. ಯೂನಿಕೋಡ್‌ನಲ್ಲಿ ಳ ಇರುವುದು ಲ ಆದಮೇಲೆ, ವ ಮುಂಚೆ. ನಮ್ಮ ವರ್ಣಮಾಲೆಯಲ್ಲಿ ಹ ಆದಮೇಲೆ. ಹಾಗಾಗಿ ‘ಬಳೆ’ ಹೋಗಿ ‘ಬಸವ’ನಿಗಿಂತ ಮೊದಲು ಕೂರುತ್ತದೆ. ಹ ಅಕ್ಷರದ ನಂಬರ್ 3257. ಅದರ ಮುಂದಿನ 3258 ಖಾಲಿ ಬಿದ್ದಿದೆ, ಯಾವ ಅಕ್ಷರಕ್ಕೂ ಕೊಟ್ಟಿಲ್ಲ. ಸಾರ್ಟ್‌ಆನ್‌ಗೆ ಕೊಡುವ ಫಂಕ್ಷನ್‌ನಲ್ಲಿ ಳ ಬಂದಲ್ಲೆಲ್ಲ 3258 ಇಡಿ. ಅದು ಹೋಲಿಕೆಗೆ ಮಾತ್ರ ಬಳಕೆಯಾಗುತ್ತದೆ, ಪಟ್ಟಿಯಲ್ಲಿರುವ ಪದ ಹಾಗೇ ಇರುತ್ತದೆ.